ಆಡು ತಿಂದ ರೊಟ್ಟಿ

ಹನ್ನೊಂದು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲು ಅತ್ತೆಯದೇ ಆಗಿತ್ತು. ಪಲ್ಯ, ಬೇಳೆ, ಹಬ್ಬದ ಶೀರಖುರ್ಮಾ, ಬಟ್ಟೆ, ಮುಸುರೆ, ಆಡಿನ ಮೇವು ಒಂದೊಂದಾಗಿ ನಾಹೀದಳ ಪಾಲಿಗೆ ಬಂದಿದ್ದವು; ರೊಟ್ಟಿ ಮಾತ್ರ ಬಂದಿರಲಿಲ್ಲ. ಅವಳು ಗಂಗಾವತಿ ಕಡೆಯ ಹೆಣ್ಣು, ಭತ್ತದ ಸೀಮೆಯವಳು. ಮದುವೆಯಾಗಿ ರೋಣಕ್ಕೆ ಬಂದ ಮೂರನೆಯ ದಿನ ಅವಳು ಬಡಿದ ಮೊದಲ ರೊಟ್ಟಿಯನ್ನು ಅತ್ತೆ ರಸೂಲಬಿ ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ತಿರುಗಿಸಿ ನೋಡಿ, "ಇದು ರೊಟ್ಟಿ ಅಲ್ಲವ್ವಾ, ಬಂಡಿ ಗಾಲಿ" ಎಂದಿದ್ದಳು. ಪಿಂಜಾರ ಓಣಿಯಲ್ಲಿ ಆ ಮಾತು ಒಂದು ತಿಂಗಳು ತಿರುಗಾಡಿತ್ತು.

ಹಾಗನ್ನಲು ರಸೂಲಬಿಗೆ ಹಕ್ಕೂ ಇತ್ತೆನ್ನಿ. ಅವಳ ರೊಟ್ಟಿಯ ಅಂಚು ನಡುವಿಗಿಂತ ತೆಳ್ಳಗಿರುತ್ತಿತ್ತು. ಹಂಚಿನ ಮೇಲೆ ಬಿದ್ದರೆ ಹೊಟ್ಟೆ ಉಬ್ಬಿಸಿ ಏಳುತ್ತಿತ್ತು. ಗಂಡ ತೀರಿಕೊಂಡಾಗ ಹತ್ತಿ ಹಿಂಜುವ ಬಿಲ್ಲನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದು, ಮಗ ಮೆಹಬೂಬಸುಭಾನಿ ಕೈಗೆ ಬರುವವರೆಗೆ ಗಾದಿ ತುಂಬಿ ಮನೆ ನಡೆಸಿದ ಹೆಂಗಸು ಅವಳು. ಈಗ ಮಗ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟು ಹಿಂಜುವ ಮೆಷಿನ್ ಹಾಕಿದ್ದರೂ ಗಾದಿಯ ಹೊಲಿಗೆ ಅವಳದೇ. ಅರವತ್ತರ ಹತ್ತಿರ ಬಂದಿದ್ದರೂ ನೆಲಕ್ಕೆ ಕೂತು ದಬ್ಬಣ ಹಾಕಿದರೆ ಸಾಲು ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ಬಂದ ಬಕ್ರೀದ್ ಕಳೆದ ಮೇಲೆ ಒಂದು ಬೆಳಿಗ್ಗೆ ರಸೂಲಬಿ ಒಲೆಯ ಮುಂದಿನಿಂದ ಏಳಲು ಹೋಗಿ ಎರಡು ಸಲ ಮತ್ತೆ ಕೂತಳು. ಮೂರನೆಯ ಸಲ ಗೋಡೆ ಹಿಡಿದು ಎದ್ದಳು. ಯಾರೂ ನೋಡಲಿಲ್ಲ ಎಂದುಕೊಂಡಳು. ನಾಹೀದ ನೋಡಿದ್ದಳು.

ಮರುದಿನ ರಸೂಲಬಿ ಕಲ್ಲನ್ನು ತೊಳೆದು ಸೊಸೆಯ ಮುಂದೆ ಇಟ್ಟಳು.

"ಇನ್ನ ನೀ ಬಡಿ. ನನಗ ಮದುವಿ ಗಾದಿ ಭಾಳ ಬಂದಾವು."

"ಮೊಣಕಾಲು ಬ್ಯಾನಿ ಏನ್ರಿ ಅತ್ತಿ?"

"ಗಾದಿ ಬಂದಾವು ಅಂದೆ."

ಮೊದಲ ಮೂರು ವಾರ ನಾಹೀದಳಿಗೆ ಸಾಕುಬೇಕಾಯಿತು. ಊಟಕ್ಕೆ ಕೂತರೆ ರಸೂಲಬಿ ರೊಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುವಳು. "ಅಂಚು ದಪ್ಪ ಆಗೇತಿ." ಮರುದಿನವೂ ಅದೇ ಮಾತು. ಒಂದು ದಿನ ಮಗಳು ಜಬೀನ ತಟ್ಟೆ ಮುಂದಿಟ್ಟುಕೊಂಡು ಅಜ್ಜಿಗಿಂತ ಮೊದಲೇ "ಅಂಚು ದಪ್ಪ ಆಗೇತಿ" ಅಂದಳು. ಮೆಹಬೂಬಸುಭಾನಿ ನಕ್ಕ. ನಾಹೀದ ಇಬ್ಬರ ತಟ್ಟೆಗೂ ಪಲ್ಯ ಹಾಕದೆ ಎದ್ದು ಹೋದಳು.

ಆಮೇಲೆ ಆ ಮಾತು ನಿಂತುಹೋಯಿತು. ಒಂದು ದಿನ, ಎರಡು ದಿನ, ವಾರ. ಅಂತೂ ಕೈ ಕೂಡಿತು ಎಂದು ನಾಹೀದ ಒಳಗೊಳಗೇ ಹಿಗ್ಗಿದಳು. ಹೊಸ ಬಿಳಿಜೋಳ ಬಂದಿತ್ತು, ಹಿಟ್ಟಿಗೆ ಜಿಗಿ ಇತ್ತು. ಆದರೆ ರಸೂಲಬಿ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟಳು. "ನೀವು ಉಣ್ರಿ, ಈ ಸಾಲು ಮುಗಿಸಿ ಉಣ್ತೀನಿ" ಎಂದು ತಟ್ಟೆಯನ್ನು ಹಿತ್ತಿಲ ಕಟ್ಟೆಗೆ ಒಯ್ಯುವಳು. ತಟ್ಟೆ ಖಾಲಿಯಾಗಿ ಬರುತ್ತಿತ್ತು. ಸಂಜೆ ಮಾತ್ರ ಒಂದು ಬಟ್ಟಲು ಮಜ್ಜಿಗೆ ಕುಡಿದು ಮಲಗುವಳು.

ಗುಟ್ಟು ಒಡೆದವಳು ಪಕ್ಕದ ಮನೆಯ ಹೊಳೆವ್ವ. ಹಿತ್ತಿಲ ಗೋಡೆಯ ಮೇಲೆ ಮೊಣಕೈ ಊರಿ ಕೇಳಿದಳು:

"ನಾಹೀದ, ನಿಮ್ಮ ಆಡಿಗೆ ಏನ್ ಹಾಕ್ತೀ? ನಮ್ಮನ್ಯಾಗ ಸೊಸಿ ಬಸುರಾಗೂ ಹಿಂಗ ತುಂಬಿಕೊಂಡಿಲ್ಲ."

"ಏನಿಲ್ರಿ, ಕಣಕಿ, ಹೊಟ್ಟು."

"ಹೊಟ್ಟಿಗೆ ಹಿಂಗ ಮಿಂಚತೈತೇನ ಮೈ? ರೊಟ್ಟಿ ತಿನ್ನೂ ಆಡು ಅದು."

ನಾಹೀದ ಆಡಿನ ಮೇವಿನ ಬಾನಿಗೆ ಕೈ ಹಾಕಿದಳು. ಹೊಟ್ಟಿನ ಕೆಳಗೆ ರೊಟ್ಟಿ ಇತ್ತು. ಅವತ್ತಿನದು, ನಿನ್ನೆಯದು. ಚೂರು ಮಾಡಿ, ಮೇಲೆ ಹೊಟ್ಟು ಮುಚ್ಚಿ ಇಟ್ಟದ್ದು.

ಅವತ್ತು ಶುಕ್ರವಾರ. ನಮಾಜು ಮುಗಿಸಿ ಮೆಹಬೂಬಸುಭಾನಿ ಊಟಕ್ಕೆ ಬಂದ. ಟೋಪಿ ತೆಗೆದು ಗೂಟಕ್ಕೆ ಹಾಕುವಷ್ಟರಲ್ಲಿ ಅವನ ಮುಂದೆ ತಟ್ಟೆ ಬಂತು. ತಟ್ಟೆಯಲ್ಲಿ ಹೊಟ್ಟು ಮೆತ್ತಿದ ರೊಟ್ಟಿಯ ಚೂರು.

"ಇದೇನ?"

"ನಾಳಿಂದ ನಾ ರೊಟ್ಟಿ ಬಡಿಯಂಗಿಲ್ರಿ. ಆಡಿಗೆ ರೊಟ್ಟಿ ಬಡಿಯಾಕ ನಮ್ಮಪ್ಪ ನನ್ನ ಈ ಊರಿಗೆ ಕೊಟ್ಟಿಲ್ಲ."

ರಸೂಲಬಿ ಪಡಸಾಲೆಯಲ್ಲಿ ದಬ್ಬಣ ಹಿಡಿದು ಕೂತಿದ್ದಳು. ತಲೆ ಎತ್ತಲಿಲ್ಲ. "ನನ್ನ ಪಾಲಿನ ರೊಟ್ಟಿ. ನಾ ಯಾರಿಗೆ ಬೇಕಾದ್ರ ಹಾಕ್ತೀನಿ."

"ಬಂಡಿ ಗಾಲಿ ಅಂತ ಅವತ್ತು ಮಾರಿ ಮುಂದ ಅಂದ್ರಿ. ಈಗೂ ಅನ್ರಿ. ಕದ್ದು ಆಡಿಗೆ ಹಾಕೂದು ಯಾವ ರೀತೀರಿ? ನನ್ನ ರೊಟ್ಟಿ ಆಡು ತಿಂತೈತಿ, ಅತ್ತಿ ತಿನ್ನಂಗಿಲ್ಲ ಅಂತ ಹೊಳೆವ್ವಕ್ಕನ ಮುಂದ ನಾ ಹ್ಯಾಂಗ ಮಾರಿ ಎತ್ಲಿ?"

"ಅವ್ವಾ, ಖರೇ ಏನ ಇದು?" ಎಂದ ಮಗ.

ಹಾಗೆ ಮಗ ಕೇಳಿದ್ದೇ ರಸೂಲಬಿಗೆ ತಡೆಯಲಾಗಲಿಲ್ಲ. ದಬ್ಬಣವನ್ನು ಗಾದಿಗೆ ಚುಚ್ಚಿಟ್ಟು, ಗೋಡೆ ಹಿಡಿದು ಎದ್ದು ಬಂದು ಒಲೆಯ ಹತ್ತಿರ ಕೂತಳು. ಬುಟ್ಟಿಯಿಂದ ಬಿಸಿ ರೊಟ್ಟಿ ಎತ್ತಿ ಮುರಿದಳು.

"ನೋಡ್ರಿ. ಇಬ್ರೂ ಕಣ್ಣು ಬಿಟ್ಟು ನೋಡ್ರಿ. ತಿಂತೀನಿ."

ಪಲ್ಯವಿಲ್ಲದೆ ಒಣ ರೊಟ್ಟಿ ಬಾಯಿಗೆ ಹಾಕಿ ಅಗಿದಳು. ಮೊದಲ ತುತ್ತು ಬಹಳ ಹೊತ್ತು ಅಗಿದು ನುಂಗಿದಳು. ಎರಡನೆಯದನ್ನು ನುಂಗಿದವಳು ಎದೆಯ ನಡುವೆ ಅಂಗೈ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ಚೊಂಬಿನ ನೀರು ಕುಡಿದಳು. ಆ ನೀರೂ ಇಳಿಯದೆ ತುತ್ತಿನ ಸಮೇತ ತಿರುಗಿ ಬಂತು. ಬಚ್ಚಲಿಗೆ ಓಡಲು ಮೊಣಕಾಲು ಕೇಳಲಿಲ್ಲ. ನಾಹೀದ ಕೈಯೊಳಗಿನ ತಟ್ಟೆ ಬಿಟ್ಟು ಅವಳನ್ನು ಹಿಡಿದುಕೊಂಡಳು. ಬೆನ್ನು ಸವರಲು ಹೋದರೆ ಎಲುಬುಗಳೇ ಕೈಗೆ ಸಿಕ್ಕವು. ಹೋದ ವರ್ಷ ಬಿಗಿಯಾಗುತ್ತಿದ್ದ ರವಿಕೆ ಯಾರದೋ ಎರವಿನದರಂತೆ ಜೋಲುತ್ತಿತ್ತು.

"ಯಾವಾಗಿಂದ್ರಿ ಅತ್ತಿ ಇದು?"

ರಸೂಲಬಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಲ್ಲು ನಿನಗ ಕೊಟ್ಟ ಮ್ಯಾಲೆ. ಮೊದಮೊದಲ ಬರೇ ರೊಟ್ಟಿ ಹಿಡೀತಿತ್ತು. ಈಗ ಅನ್ನನೂ ಹಿಡೀತೈತಿ."

"ಹೇಳಬಾರದಿತ್ತೇನ ಅವ್ವಾ?" ಎಂದ ಮೆಹಬೂಬಸುಭಾನಿ.

"ಏನಂತ ಹೇಳಲಿ? ಕಾಲಾಗಿನ ಕಸುವು ಹೋತು, ಇನ್ನ ಗಂಟಲಾಗಿಂದೂ ಹೋತು ಅಂತಾನ? ನಾ ಹೇಳಾಕಿ ಅಲ್ಲ."

ಅವತ್ತು ಆ ಮನೆಯಲ್ಲಿ ಯಾರೂ ರೊಟ್ಟಿ ಮುಟ್ಟಲಿಲ್ಲ.

ರೋಣದ ಡಾಕ್ಟರು ಕೇಳಿದ ಕೂಡಲೇ ಹುಬ್ಬಳ್ಳಿಗೆ ಬರೆದುಕೊಟ್ಟರು. ಮೆಹಬೂಬಸುಭಾನಿ ಗಾಡಿ ಕೊಳ್ಳಲು ಕೂಡಿಸಿಟ್ಟಿದ್ದ ದುಡ್ಡನ್ನು ಜೇಬಿಗೆ ಹಾಕಿಕೊಂಡು, ಅಂಗಡಿಗೆ ಕೀಲಿ ಹಾಕಿ, ಇಬ್ಬರನ್ನೂ ಕರೆದುಕೊಂಡು ಗದಗಿನ ಬಸ್ಸು ಹತ್ತಿದ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಹೆಣ್ಣುಮಗಳು, ಅರ್ಚನಾ ಎಂದು ಹೆಸರು. ಮಾತು ಕೇಳಿದರೆ ಈ ಕಡೆಯವಳೇ.

"ಯಾವೂರಮ್ಮಾ?"

"ರೋಣರಿ."

"ನಾನೂ ನರಗುಂದದಾಕಿ. ರೊಟ್ಟಿ ಇಲ್ಲದ ಹ್ಯಾಂಗ ತಡಕೊಂಡ್ರಿ ಇಷ್ಟು ದಿನ?" ಎಂದು ಕೇಳಿ, "ಏನೇನ್ ಗುಳಿಗಿ ತೊಗೋತೀರಿ?" ಎಂದಳು.

"ಏನೂ ಇಲ್ರಿ. ಗುಳಿಗಿ ನುಂಗೂ ಜಾತಿ ಅಲ್ಲ ನಮ್ದು."

ಗಂಟಲಿಗೆ ಔಷಧ ಸಿಂಪಡಿಸಿ ಕ್ಯಾಮರಾದ ನಳಿಗೆ ಇಳಿಸಲು ರಸೂಲಬಿಯನ್ನು ಒಳಗೆ ಕರೆದೊಯ್ದರು. ಅವಳ ಎಲೆಅಡಿಕೆಯ ಸಂಚಿ ನಾಹೀದಳ ಕೈಯಲ್ಲಿ ಉಳಿಯಿತು. ಸಂಚಿ ಕರಕರ ಅಂದಿತು. ಬಿಚ್ಚಿ ನೋಡಿದರೆ ಅಡಿಕೆಯ ಕೆಳಗೆ ಗುಳಿಗೆಯ ಹಾಳೆ, ಒಂದಲ್ಲ, ನಾಲ್ಕು; ಅವುಗಳಲ್ಲಿ ಮೂರು ಖಾಲಿ. ನಾಹೀದ ಗಂಡನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಅವನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು.

ಹೊರಗೆ ಬಂದ ರಸೂಲಬಿ ಮೇಜಿನ ಮೇಲಿದ್ದದ್ದನ್ನು ಕಂಡು ಸೊಸೆಯನ್ನು ಸುಡುವ ಹಾಗೆ ನೋಡಿದಳು.

"ಮೊಣಕಾಲಿಂದೇನ್ರಿ ಇವು?" ಎಂದಳು ಡಾಕ್ಟರು. "ಎಷ್ಟು ತಿಂಗಳಾತು?"

"ದಸರಾದಿಂದ."

"ನೀರು ಕುಡದು ನುಂಗ್ತಿದ್ರಿಲ್ಲ?"

ರಸೂಲಬಿ ಸೊಸೆಯ ಕೈಯಿಂದ ಸಂಚಿ ಕಸಿದುಕೊಂಡಳು.

"ನೀರಿಲ್ದ?"

"ನೀರಿನ ಕೊಡದ ಹಂತೇಲಿ ಹೋದ್ರ ಯಾಕ ಅಂತ ಕೇಳ್ತಾರ್ರಿ. ಮಲಗಿಂದ ಹಂಗ ಬಾಯಾಗ ಹಾಕ್ಕೊಂಡು ನುಂಗ್ತಿದ್ದೆ. ಮಂದಿ ಮುಂದ ಗುಳಿಗಿ ನುಂಗೂದಂದ್ರ ಮೊಣಕಾಲು ಹೋದುವಂತ ಡಂಗುರ ಹೊಡದಂಗ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ನೀರಿಲ್ಲದೆ ನುಂಗಿ ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ಅಂಟಿ ಅಲ್ಲಿಯೇ ಕರಗುತ್ತದೆ, ಕರಗಿದಲ್ಲಿ ಸುಟ್ಟು ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ಚರ್ಮ ಬಿಗಿದು ದಾರಿ ಸಣ್ಣದಾಗುತ್ತದೆ ಎಂದು ತಿಳಿಸಿ ಹೇಳಿದಳು. ಒಂದು ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಬೇರೆ ಏನೂ ಇಲ್ಲವೆಂದು ಖಾತ್ರಿಯಾಗಬೇಕು, ಎಂಟು ದಿನ ಬಿಟ್ಟು ಬನ್ನಿ ಎಂದಳು.

ಬೇರೆ ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ವಾಪಸ್ಸು ಬರುವಾಗ ಬಸ್ಸು ಅಣ್ಣಿಗೇರಿ ದಾಟಿತು. ರಸೂಲಬಿ ಕಿಟಕಿಯ ಕಡೆ ಮುಖ ಮಾಡಿ ಸೊಸೆಗೆ ಹೇಳಿದಳು: "ನನ್ನ ಸಂಚಿ ಬಿಚ್ಚೂ ಧೈರ್ಯ ನಿನ್ನ ಮಾವಗೂ ಇರಲಿಲ್ಲ."

"ನನ್ನ ರೊಟ್ಟಿ ಆಡಿಗೆ ಹಾಕೂ ಧೈರ್ಯನೂ ಯಾರಿಗೂ ಇರಲಿಲ್ರಿ."

ಮೆಹಬೂಬಸುಭಾನಿ ಮುಂದಿನ ಸೀಟಿನಲ್ಲಿ ಕೂತು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ.

ಆ ಎಂಟು ದಿನ ರಸೂಲಬಿ ಒಂದೂ ಗಾದಿ ಬಿಡದೆ ಹೊಲಿದಳು. ನಾಹೀದ ರವೆಯ ಗಂಜಿ, ಬೇಳೆಯ ತಿಳಿ, ಬಸಿದ ಅಂಬಲಿ ಹೊತ್ತುಹೊತ್ತಿಗೆ ಮುಂದೆ ಇಟ್ಟು, ಕುಡಿಯುವವರೆಗೆ ಎದ್ದು ಹೋಗುತ್ತಿರಲಿಲ್ಲ. ಹೊಳೆವ್ವ ದಿನಾ ಒಂದು ತಂಬಿಗೆ ಹಾಲು ಗೋಡೆಯ ಮೇಲೆ ಇಟ್ಟು, "ಆಡಿಗಲ್ಲ, ಅಕ್ಕಗ" ಎಂದು ಕೂಗಿ ಹೇಳುತ್ತಿದ್ದಳು. ತಾನು ಆಡಿದ ಮಾತಿನಿಂದ ಇಷ್ಟೆಲ್ಲ ಹೊರಬಿತ್ತಲ್ಲ ಎಂದು ಅವಳಿಗೆ ಒಂದು ಕಣ್ಣಲ್ಲಿ ಮರುಕ, ಇನ್ನೊಂದರಲ್ಲಿ ಹೆಮ್ಮೆ.

ಎಂಟನೆಯ ದಿನ ಮದುವೆಯವರು ಆರು ಗಾದಿ ಒಯ್ಯಲು ಬರುವವರಿದ್ದರು. ಮೆಹಬೂಬಸುಭಾನಿ ಅಂಗಡಿ ಬಿಡುವಂತಿರಲಿಲ್ಲ.

"ನಾ ಕರಕೊಂಡ ಹೋಗ್ತೀನ್ರಿ," ಎಂದಳು ನಾಹೀದ.

"ನೀ ಒಬ್ಬಾಕೀನ? ಗದಗಿನ್ಯಾಗ ಬಸ್ ಬದಲಿ ಮಾಡಬೇಕು."

"ಬೋರ್ಡ್ ಓದಾಕ ನನಗ ಬರತೈತಿ. ನೀವು ಮನ್ಯಾಗ ಅನ್ನಕ್ಕಿಟ್ಟು ಜಬೀನನ್ನ ಸಾಲಿಗೆ ಕಳಿಸ್ರಿ. ಅದ ನಿಮಗ ಬರತೈತೋ ಇಲ್ಲೋ."

ರಸೂಲಬಿ ಬುರ್ಕಾದ ಗುಂಡಿ ಹಾಕಿಕೊಳ್ಳುತ್ತಿದ್ದವಳು ಮುಖ ತಿರುಗಿಸಿ ನಕ್ಕಳು. ಸೊಸೆಯ ಮಾತಿಗೆ ಅವಳು ನಕ್ಕದ್ದು ಬಹಳ ದಿನದ ಮೇಲೆ.

ಹುಬ್ಬಳ್ಳಿಯಲ್ಲಿ ಡಾಕ್ಟರು ಕಾಗದ ತೆಗೆದು ನೋಡಿ, ಮೊದಲ ಮಾತಿಗೇ "ಹೆದರೂ ಅಂಥಾದ್ದು ಏನೂ ಇಲ್ಲ" ಎಂದಳು. ನಾಹೀದ ಕುರ್ಚಿಯ ಅಂಚು ಹಿಡಿದುಕೊಂಡಿದ್ದ ಕೈ ಬಿಟ್ಟಳು. ರಸೂಲಬಿ ಮಾತ್ರ, "ನನಗ ಗೊತ್ತಿತ್ತು" ಎಂದಳು. ಹಾಗೆ ಎನ್ನುವಾಗ ಅವಳ ದನಿ ಒಡೆದಿತ್ತು.

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದಳು. ದಾರಿ ಪೆನ್ಸಿಲ್ಲು ಹೋಗುವಷ್ಟೇ ಉಳಿದಿದೆ. ನಳಿಗೆಯೊಳಗಿಂದ ಬತ್ತಿಯಂಥ ಸಣ್ಣ ಬಲೂನು ಇಳಿಸಿ, ಬಿಗಿದ ಜಾಗದಲ್ಲಿ ನಿಲ್ಲಿಸಿ, ನೀರು ತುಂಬಿ ಉಬ್ಬಿಸುತ್ತೇವೆ. ಒಂದು ನಿಮಿಷ ಹಿಡಿದು ಇಳಿಸುತ್ತೇವೆ. ಎರಡು ವಾರಕ್ಕೊಂದರಂತೆ ಮೂರು ಸಲ. ಪ್ರತಿ ಸಲ ಬಲೂನು ಒಂದಿಷ್ಟು ದೊಡ್ಡದು.

"ಪುಗ್ಗಾ ಏನ್ರಿ?" ಎಂದಳು ರಸೂಲಬಿ. "ಹುಡುಗೂರು ಆಡೂದು?"

"ಹೌದ್ರಿ, ಅದರ ಅಕ್ಕ."

ನಾಹೀದ ಕೇಳಿದಳು: "ಒಮ್ಮೆಗೇ ದೊಡ್ಡದು ಮಾಡಾಕ ಬರೂದಿಲ್ಲೇನ್ರಿ? ಮೂರು ಸಲ ಅಂದ್ರ ಇವ್ರಿಗೆ ಎಷ್ಟು ತ್ರಾಸ."

ಡಾಕ್ಟರು ಬಾಯಿ ತೆರೆಯುವ ಮೊದಲೇ ರಸೂಲಬಿ ಸೊಸೆಗೆ ಹೇಳಿದಳು: "ಬರೂದಿಲ್ಲ. ದಿಂಬು ತುಂಬೂದು ನೋಡಿಲ್ಲ ನೀ? ದಿಂಬಿನ ಬಾಯಿ ಸಣ್ಣದಿರತೈತಿ. ಹತ್ತಿ ಒಮ್ಮೆಗೇ ತುರುಕಿದ್ರ ಹೊಲಿಗಿ ಹರೀತೈತಿ. ಒಂದೊಂದ ಹಿಡಿ ಹಾಕಿ, ಕೋಲಿಲೆ ಸರಿಸಿ, ಮತ್ತ ಒಂದ ಹಿಡಿ. ಹೌದಿಲ್ರಿ ಡಾಕ್ಟರ್?"

"ಪಕ್ಕಾ ಹಂಗರಿ," ಎಂದಳು ಅರ್ಚನಾ. "ಹರದ್ರ ಹೊಲ್ಯಾಕ ಬರೂ ಜಾಗ ಅಲ್ಲ ಅದು."

"ಹಂಗಾರ ಸಾವಕಾಶ ಮಾಡ್ರಿ. ನನಗೇನೂ ಅವಸರ ಇಲ್ಲ."

ಅವತ್ತೇ ಮೊದಲ ಸಲದ ಬಲೂನು ಇಳಿಸಿದರು. ಮುಗಿದ ಮೇಲೆ ಎದೆನೋವು ಬರುತ್ತದೋ ಎಂದು ಮೂರು ತಾಸು ಮಲಗಿಸಿ ನೋಡಿದರು. ನಾಹೀದ ಪಕ್ಕದಲ್ಲಿ ಕೂತಿದ್ದಳು. ರಸೂಲಬಿ ಎಚ್ಚರವಾದದ್ದೇ ತಲೆಯ ಕೆಳಗಿನ ದಿಂಬನ್ನು ಹಿಸುಕಿದಳು. ಬಾಯಿ ಇನ್ನೂ ಜೋಮು ಹಿಡಿದಿತ್ತು.

"ಇದರಾಗ ಹತ್ತಿ ಇಲ್ಲ. ಚಿಂದಿ ತುಂಬ್ಯಾರ."

"ಸುಮ್ನ ಮಲಗ್ರಿ ಅತ್ತಿ."

"ದೊಡ್ಡ ದವಾಖಾನಿ ಅಂತ. ದಿಂಬು ನೋಡು."

ಸಂಜೆ ಮೊದಲ ಸಲ ತಣ್ಣನೆಯ ಹಾಲು ಕೊಟ್ಟರು. ರಸೂಲಬಿ ಒಂದು ಗುಟುಕು ನುಂಗಿ ಕಾಯ್ದಳು. ಇನ್ನೊಂದು ಗುಟುಕು. ಆಮೇಲೆ ಲೋಟ ಎತ್ತಿದವಳು ಖಾಲಿ ಮಾಡಿಯೇ ಕೆಳಗಿಟ್ಟಳು. ಎದೆಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ.

"ಇಳೀತು," ಎಂದಳು.

ಹೊರಡುವಾಗ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದನ್ನು ನಾಹೀದ ಬೆರಳು ಮಡಚಿ ನೆನಪಿಟ್ಟುಕೊಂಡಳು. ಮೊದಲು ತೆಳ್ಳನೆಯದು, ಆಮೇಲೆ ಮೆತ್ತನೆಯದು. ಮೂರನೆಯ ಸಲ ಆಗುವವರೆಗೆ ರೊಟ್ಟಿ ಇಲ್ಲ. ಹೊಟ್ಟೆಯ ಹುಳಿ ಮೇಲೆ ಏಳದಂತೆ ಕೊಟ್ಟ ಗುಳಿಗೆ ಬೆಳಿಗ್ಗೆ ಬರಿಹೊಟ್ಟೆಗೆ, ಕೂತು, ತುಂಬಿದ ಲೋಟ ನೀರಿನ ಜೊತೆ. ಮೊಣಕಾಲಿಗೆ ಆ ಹಳೆಯ ಗುಳಿಗೆ ಬೇಡ, ಹಚ್ಚುವ ಔಷಧ. ಮಲಗುವಾಗ ತಲೆ ಎತ್ತರವಿರಲಿ, ಎರಡು ದಿಂಬು.

"ದಿಂಬಿಗೇನು ಬರ ಬಂದೈತ್ರಿ ನಮ್ಮನ್ಯಾಗ," ಎಂದಳು ರಸೂಲಬಿ.

ಊರಿಗೆ ಬಂದರೆ ಅನ್ನ ತಳ ಹಿಡಿದಿತ್ತು. ಜಬೀನ ಮೂಗು ಮುಚ್ಚಿಕೊಂಡು, "ಅಪ್ಪ ಅನ್ನ ಹಿಂಜಿ ಇಟ್ಟಾನ" ಎಂದಳು.

ಎರಡನೆಯ ಸಲವೂ ಅತ್ತೆ ಸೊಸೆ ಇಬ್ಬರೇ ಹೋಗಿ ಬಂದರು. ರಸೂಲಬಿಗೆ ಈಗ ಮೆತ್ತಗೆ ಬೆಂದ ನುಚ್ಚು, ಹೆಸರುಬೇಳೆ ಅನ್ನ ಸಲೀಸಾಗಿ ಇಳಿಯುತ್ತಿತ್ತು. ಗಲ್ಲ ತುಂಬಿತು, ದನಿ ತುಂಬಿತು. ದನಿ ಬಂದ ಮೇಲೆ ಜಗಳವೂ ಬಂತು.

"ಒಂದ ಚೂರು ರೊಟ್ಟಿ ಕೊಡು. ಹಾಲಾಗ ನೆನಸಿ ತಿಂತೀನಿ."

"ಇಲ್ರಿ."

"ಎಣಗಾಯಿ ಮಾಡಿ ವಾಸನಿ ಎಬಿಸಿ, ನನ್ನ ಮುಂದ ನುಚ್ಚು ಇಡ್ತೀಯಲ್ಲ, ಕರುಳು ಐತೇನ ನಿನಗ?"

"ಐತ್ರಿ. ಅದಕ್ಕ ನುಚ್ಚು."

"ನನ್ನ ಮನ್ಯಾಗ ನನಗ ರೊಟ್ಟಿ ಇಲ್ಲ?"

"ಇನ್ನ ಹತ್ತು ದಿವಸ ಇಲ್ರಿ. ಕಲ್ಲು ನನಗ ಕೊಟ್ಟೀರಿ. ಯಾರಿಗೆ ಎಂದ ರೊಟ್ಟಿ ಅನ್ನೂದು ನಾ ಹೇಳಾಕಿ."

ಮೆಹಬೂಬಸುಭಾನಿ ತುತ್ತು ಬಾಯಲ್ಲಿಟ್ಟುಕೊಂಡು ಅವ್ವನ ಮುಖ ನೋಡಿದ. ಆ ಮನೆಯಲ್ಲಿ ಅವ್ವನಿಗೆ ಎದುರು ಹಾಗೆ ಮಾತಾಡಿದವರಿರಲಿಲ್ಲ. ರಸೂಲಬಿ ನುಚ್ಚಿನ ತಟ್ಟೆ ಎತ್ತಿಕೊಂಡು ಧಿಮಾಕಿನಿಂದ ಹಿತ್ತಿಲ ಕಟ್ಟೆಗೆ ನಡೆದಳು. ತುಸು ಹೊತ್ತಿಗೆ ಗೋಡೆಯಾಚೆ ಹೊಳೆವ್ವನ ಜೊತೆ ಅವಳ ಮಾತು ಕೇಳಿಸಿತು. ಒಲೆಯ ಮುಂದೆ ನಾಹೀದ ಕಿವಿಗೊಟ್ಟಳು. ಬೈಗುಳ ಇರಬೇಕು ಎಂದುಕೊಂಡಿದ್ದಳು.

"ಗದಗ ಬಸ್‌ಸ್ಟ್ಯಾಂಡ್‌ನ್ಯಾಗ ಒಬ್ಬಾವ ಸೀಟಿಗೆ ಟವೆಲ್ ಹಾಸಿ ಕುಂತಿದ್ದ, ಹೊಳೆವ್ವ. ನನ್ನ ಸೊಸಿ ಏನಂದ್ಳು ಗೊತ್ತೇನ? ನಿನ್ನ ಟವೆಲ್‌ಗೆ ಟಿಕೀಟು ತಗಿಸೀಯೇನಪ್ಪಾ ಅಂದ್ಳು. ಎದ್ದ ನೋಡು ಆಸಾಮಿ. ಡಾಕ್ಟರ್ ಹೇಳಿದ್ದು ಒಂದ ಅಕ್ಷರ ಮರತಿಲ್ಲ ಈಕಿ. ಚೀಟಿ ಇಲ್ಲ, ಏನಿಲ್ಲ, ತಲ್ಯಾಗ. ಅಂಥಾಕಿ ಇವಳು."

ನಾಹೀದ ಒಲೆಯ ಕಟ್ಟಿಗೆ ಮುಂದೆ ದೂಡಿದಳು. ಮುಖಕ್ಕೆ ಝಳ ಬಡಿಯಿತು.

ಮೂರನೆಯ ಸಲ ಹೋಗುವಾಗ ರಸೂಲಬಿಯ ಕಂಕುಳಲ್ಲಿ ಒಂದು ದಿಂಬು ಇತ್ತು. ಅವಳೇ ಹತ್ತಿ ಆರಿಸಿ, ಬೀಜ ತೆಗೆದು, ಮೆಷಿನ್ನಿಗೆ ಹಾಕಗೊಡದೆ ಹಳೆಯ ಬಿಲ್ಲನ್ನು ಅಟ್ಟದಿಂದ ಇಳಿಸಿ ಹಿಂಜಿ ತುಂಬಿದ್ದು. ಡಾಕ್ಟರು ಬೇಡ ಬೇಡ ಎಂದು, ಆಮೇಲೆ ಅದನ್ನು ಒತ್ತಿ ನೋಡಿ ತನ್ನ ಕುರ್ಚಿಯ ಮೇಲೆ ಇಟ್ಟುಕೊಂಡಳು.

"ಹೊಲಿಗಿ ನೋಡ್ರಿ," ಎಂದಳು ರಸೂಲಬಿ. "ಎಲ್ಲೂ ಹರದಿಲ್ಲ."

"ನಂದೂ ನೋಡ್ಕೊಂಡ ಹೇಳ್ತೀನಿ ತಡೀರಿ," ಎಂದು ನಕ್ಕು ಡಾಕ್ಟರು ಒಳಗೆ ಹೋದಳು. ಮುಗಿಸಿ ಬಂದು ಹೇಳಿದಳು: ದಾರಿ ಹೆಬ್ಬೆರಳಿನಷ್ಟು ಆಗಿದೆ. ಮತ್ತೆ ಹಿಡಿದಂತಾದರೆ ಮುಚ್ಚಿಡದೆ ಬರಬೇಕು. ನಾಲ್ಕು ದಿನ ಬಿಟ್ಟು ರೊಟ್ಟಿ ತಿನ್ನಬಹುದು. ಬಿಸಿಯದು, ಪಲ್ಯದ ಜೊತೆ, ಚೆನ್ನಾಗಿ ಅಗಿದು.

ನಾಹೀದ ನಾಲ್ಕು ದಿನ ಎಣಿಸಿದಳು. ಐದನೆಯ ದಿನ ಮತ್ತೆ ಶುಕ್ರವಾರವೇ ಬಂತು.

ಬೆಳಿಗ್ಗೆ ಹಿಟ್ಟು ಜರಡಿ ಹಿಡಿದಳು. ಬಿಸಿನೀರು ಹಾಕಿ ನಾದಿದಳು, ನಾದಿದ್ದನ್ನೇ ಮತ್ತೆ ನಾದಿದಳು. ಪುಂಡಿಪಲ್ಯ ಬೆಂದಿತ್ತು. ನಮಾಜಿನಿಂದ ಬಂದ ಮೆಹಬೂಬಸುಭಾನಿ ಕೈ ತೊಳೆದು ಕೂತ. ಜಬೀನ ಕೂತಳು. ಮೊಸರು ಕೊಡುವ ನೆವದಲ್ಲಿ ಬಂದ ಹೊಳೆವ್ವ ಬಾಗಿಲ ಹೊಸ್ತಿಲಲ್ಲೇ ಕೂತಳು. ರಸೂಲಬಿ ಹಿತ್ತಿಲಿಗೆ ಹೋಗಲಿಲ್ಲ. ಮಗ ತಂದಿಟ್ಟ ಮಣೆಯ ಮೇಲೆ, ಎಲ್ಲರ ನಡುವೆ ಕೂತಳು.

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ನಾಹೀದ ಅದನ್ನು ಅತ್ತೆಯ ತಟ್ಟೆಗೆ ಹಾಕಿದಳು.

ರಸೂಲಬಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟು ಅಗಿದಳು. ಅಗಿಯುವುದು ಮುಗಿಯಲಿಲ್ಲ. ಅವಳ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕೈ ಎದೆಗೆ ಹೋಗಲಿಲ್ಲ. ಎರಡನೆಯ ತುತ್ತಿಗೆ ತಟ್ಟೆಗೆ ಹೋಯಿತು. ಆಮೇಲೆ ಮೂರನೆಯದು. ಅರ್ಧ ರೊಟ್ಟಿ ಮುಗಿಯುವವರೆಗೂ ಯಾರ ಕಡೆಗೂ ನೋಡದೆ ಉಂಡಳು. ಹಿತ್ತಿಲಲ್ಲಿ ಆಡು ಊಟದ ಹೊತ್ತು ಮೀರಿತೆಂದು ಒದರತೊಡಗಿತು.

ಉಳಿದ ಅರ್ಧ ರೊಟ್ಟಿಯನ್ನು ರಸೂಲಬಿ ಎರಡು ಬೆರಳಲ್ಲಿ ಎತ್ತಿದಳು. ಹೆಬ್ಬೆರಳಿನಿಂದ ತುದಿಯನ್ನು ಒತ್ತಿ, ಬೆಳಕಿಗೆ ತಿರುಗಿಸಿ ನೋಡಿದಳು.

"ಅಂಚು ದಪ್ಪ ಆಗೇತಿ," ಎಂದಳು.

ಹೊಳೆವ್ವ ಹಣೆ ಬಡಿದುಕೊಂಡಳು. ಮೆಹಬೂಬಸುಭಾನಿ ಹೆಂಡತಿಯ ಮುಖ ನೋಡಿದ. ನಾಹೀದಳ ಕಣ್ಣಲ್ಲಿ ನೀರು ನಿಂತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಮುಂದಿನ ಉಂಡೆಗೆ ಹಿಟ್ಟು ಮುರಿದುಕೊಳ್ಳುತ್ತ ಕೇಳಿದಳು:

"ಹೌದ್ರಿ ಅತ್ತಿ. ಇನ್ನೊಂದು ಹಾಕಲೇನ್ರಿ?"

"ಹಾಕು," ಎಂದಳು ರಸೂಲಬಿ, ತಟ್ಟೆಯನ್ನು ಒಲೆಯ ಕಡೆ ಸರಿಸುತ್ತ. "ಆಡಿಗೆ ಹೊಟ್ಟು ಐತಿ."